ಮೂರು ದಾರಿ ಸೇರುವಲ್ಲಿ ಒಡೆದ ಕುಂಬಳಕಾಯಿ

ಬೈಕ್ ಓಡಿಸುವ ವಿಷಯದಲ್ಲಿ ನನಗೆ ಸ್ವಲ್ಪ ಕೊಂಬು ಇತ್ತು. ಈಗ ಒಪ್ಪಿಕೊಳ್ಳುತ್ತೇನೆ. ಬಸವನಗುಡಿಯ ಮನೆಯಿಂದ ಚಾಮರಾಜಪೇಟೆಯ ಶಾಲೆಗೆ ಮೂವತ್ತು ವರ್ಷ ಬೈಕಿನಲ್ಲೇ ಹೋಗಿ ಬಂದವನು ನಾನು, ಒಂದು ಸಲವೂ ಬಿದ್ದಿಲ್ಲ. ಬಿದ್ದವರನ್ನು ಕಂಡರೆ ಮೊದಲು ಓಡಿ ಹೋಗುತ್ತಿದ್ದೆ, ಆಮೇಲೆ ಬೈಯುತ್ತಿದ್ದೆ. ನನ್ನ ಹೆಂಡತಿ ಹೇಳುವ ಪ್ರಕಾರ ಎರಡೂ ಒಟ್ಟಿಗೇ ನಡೆಯುತ್ತಿತ್ತು.

ರಸ್ತೆಯಲ್ಲಿ ಏನೇನು ಕಾದು ಕೂತಿರುತ್ತದೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಮ್ಯಾನ್‌ಹೋಲ್ ಮುಚ್ಚಳದ ಸುತ್ತ ಉದುರಿದ ಜಲ್ಲಿ, ನೀರಿನ ಟ್ಯಾಂಕರು ಸೋರಿಕೊಂಡು ಹೋದ ಗೆರೆ, ಮಳೆ ಬಂದ ಮೇಲೆ ಸಾಬೂನಿನ ಹಾಗಾಗುವ ಬಿಳಿ ಪಟ್ಟೆಗಳು. ನಮ್ಮ ಬೀದಿಗಳಲ್ಲಂತೂ ಹೊಂಗೆ ಹೂವು ಉದುರುವ ಕಾಲದಲ್ಲಿ ಒಂದು ಹನಿ ಬಿದ್ದರೆ ಸಾಕು, ನೋಡುವುದಕ್ಕೆ ಚೆಂದ, ಓಡಿಸುವುದಕ್ಕೆ ಗಂಡಾಂತರ. ಒಂಬತ್ತನೇ ತರಗತಿಗೆ ಘರ್ಷಣೆಯ ಪಾಠ ಮಾಡುವಾಗ ಪುಸ್ತಕ ಮುಚ್ಚಿಟ್ಟು ಇದನ್ನೇ ಹೇಳುತ್ತಿದ್ದೆ. ತಿರುವಿನಲ್ಲಿ ವಾಲಿದ ಬೈಕು ರಸ್ತೆಯನ್ನು ಅಂಗೈಯಷ್ಟೇ ಜಾಗದಲ್ಲಿ ಹಿಡಿದುಕೊಂಡಿರುತ್ತದೆ, ಆ ಅಂಗೈಯಗಲ ಜಾಗಕ್ಕೆ ಏನಾದರೂ ಅಡ್ಡ ಬಂದರೆ ಮುಗೀತು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

ಶಾಲೆಯಿಂದ ನಮ್ಮನ್ನು ಒಂದು ಸಲ ಪ್ರಥಮ ಚಿಕಿತ್ಸೆಯ ತರಬೇತಿಗೆ ಕಳಿಸಿದ್ದರು. ಬೇರೆಯವರು ಊಟದ ಹೊತ್ತಿಗೆ ತಪ್ಪಿಸಿಕೊಂಡರು. ನಾನು ಎರಡೂ ದಿನ ಮುಂದಿನ ಬೆಂಚಿನಲ್ಲಿ ಕೂತೆ. ಅಂದಿನಿಂದ ಬೈಕಿನ ಬಾಕ್ಸಿನಲ್ಲಿ ಹತ್ತಿ, ಬ್ಯಾಂಡೇಜು, ಕತ್ತರಿ, ಎರಡು ಮರದ ಪಟ್ಟಿ ಇಟ್ಟುಕೊಂಡೇ ಓಡಾಡಿದ್ದು. ಯಾರಾದರೂ ಬಿದ್ದರೆ ನಮ್ಮ ಜನ ಮಾಡುವ ಮೊದಲ ಕೆಲಸ ಎತ್ತಿ ಕೂರಿಸುವುದು, ಎರಡನೆಯದು ನೀರು ಕುಡಿಸುವುದು, ಮೂರನೆಯದು ಆಟೋದಲ್ಲಿ ಮಡಚಿ ತುಂಬುವುದು. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ, ಆದರೆ ಮುರಿದ ಮೂಳೆಗೆ ಒಳ್ಳೆಯ ಮನಸ್ಸು ಗೊತ್ತಾಗುವುದಿಲ್ಲ. ವಿಶ್ವೇಶ್ವರಪುರಂನಲ್ಲಿ ಒಂದು ಸಂಜೆ ತಿಂಡಿ ಬೀದಿಯ ಬಾಯಲ್ಲೇ ಒಬ್ಬರು ಬಿದ್ದಿದ್ದರು. ಅವರ ಕುತ್ತಿಗೆ ಹಿಡಿದು ಎಬ್ಬಿಸಲು ಹೊರಟವನನ್ನು ನಾನು ತಳ್ಳಿಬಿಟ್ಟಿದ್ದೆ. ಆಂಬುಲೆನ್ಸಿನವನು ಬಂದು ನೋಡಿ, 'ಸರಿಯಾಗ್ ಮಾಡಿದೀರಾ ಸಾರ್' ಅಂದ. ಆ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದೆನೋ ಲೆಕ್ಕವಿಲ್ಲ.

ಇಷ್ಟೆಲ್ಲ ಯಾಕೆ ಹೇಳಿಕೊಳ್ಳುತ್ತಿದ್ದೇನೆಂದರೆ, ಏನೂ ಗೊತ್ತಿರಲಿಲ್ಲ ಎನ್ನುವ ಜನರ ಸಾಲಿನಲ್ಲಿ ನಾನು ನಿಲ್ಲುವ ಹಾಗಿಲ್ಲ. ನನಗೆ ಎಲ್ಲ ಗೊತ್ತಿತ್ತು.

ಆ ವರ್ಷದ ಆಯುಧಪೂಜೆಗೆ ಎಂದಿನಂತೆ ಬೈಕು ತೊಳೆದು, ವಿಭೂತಿ ಕುಂಕುಮ ಇಟ್ಟು, ಹ್ಯಾಂಡಲ್ಲಿಗೆ ಪುಟ್ಟ ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿದ್ದಾಯಿತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿದ್ದೂ ಆಯಿತು. ಕೊನೆಗೆ ಬೂದುಗುಂಬಳಕಾಯಿ. ಮೇಲೆ ಒಂದು ಕಿಂಡಿ ಕೊರೆದು, ಒಳಗೆ ಕುಂಕುಮ ತುಂಬಿ, ಕರ್ಪೂರ ಹಚ್ಚಿ, ಬೈಕಿಗೆ ಮೂರು ಸುತ್ತು ಇಳಿ ತೆಗೆದೆ. ದೃಷ್ಟಿ ತೆಗೆದ ಕಾಯನ್ನು ಮೂರು ದಾರಿ ಸೇರುವಲ್ಲಿ ಒಡೆಯಬೇಕು ಎನ್ನುವುದು ನಮ್ಮ ಮನೆಯ ಪದ್ಧತಿ. ನಮ್ಮದು ಮೂಲೆಮನೆ, ಗೇಟಿನಿಂದ ಹತ್ತು ಹೆಜ್ಜೆಗೆ ನಮ್ಮ ಕ್ರಾಸು ದೊಡ್ಡ ರಸ್ತೆಗೆ ಸೇರುತ್ತದೆ. ನಮ್ಮಪ್ಪ ಅಲ್ಲೇ ಒಡೆಯುತ್ತಿದ್ದರು, ನಾನೂ ಅಲ್ಲೇ ಒಡೆದೆ. ಜೋರಾಗಿಯೇ ಎತ್ತಿ ಹಾಕಿದೆ. ಬಿಳಿ ತಿರುಳು, ಕೆಂಪು ಕುಂಕುಮ ಎಲ್ಲ ರಸ್ತೆಗೆ ಹರಡಿಕೊಂಡಿತು.

ಹೆಂಡತಿ ಬಾಗಿಲಲ್ಲೇ ನಿಂತು ಹೇಳಿದಳು. 'ಚೂರುಗಳ್ನ ಪಕ್ಕಕ್ಕೆ ತಳ್ಬಿಟ್ಟು ಬನ್ನಿ. ಗಾಡಿಗಳು ತಿರುಗೋ ಜಾಗ.'

'ದೃಷ್ಟಿ ತೆಗ್ದಿದ್ದನ್ನ ಮತ್ತೆ ಮುಟ್ತಾರೇನೇ? ನಾಳೆ ಕಸದೋರು ಬಂದು ಗುಡಿಸ್ತಾರೆ ಬಿಡು.'

ಒಡೆದವರು ತಿರುಗಿ ನೋಡದೆ ಬಂದು ಕಾಲು ತೊಳೆದು ಒಳಗೆ ಹೋಗಬೇಕು. ನಾನು ಹಾಗೆಯೇ ಹೋದೆ. ದೃಷ್ಟಿ ಗಿಷ್ಟಿಯಲ್ಲಿ ನನಗೆ ನಂಬಿಕೆ ಇತ್ತೇ ಎಂದು ಕೇಳಿದರೆ, ಪೂರ್ತಿ ಇರಲಿಲ್ಲ. ಆದರೆ ಒಂದು ಪೊರಕೆ ಹಿಡಿದು ಎರಡು ನಿಮಿಷ ಬಗ್ಗದೇ ಇರುವುದಕ್ಕೆ ಎಷ್ಟು ಬೇಕೋ ಅಷ್ಟು ಇತ್ತು. ಜಲ್ಲಿ, ಎಣ್ಣೆ, ಹೊಂಗೆ ಹೂವು ಎಲ್ಲವನ್ನೂ ಅಪಾಯದ ಪಟ್ಟಿಗೆ ಸೇರಿಸಿದ್ದ ವಿಜ್ಞಾನದ ಮೇಷ್ಟ್ರಿಗೆ ಪೂಜೆಯ ಕುಂಬಳಕಾಯಿ ಆ ಪಟ್ಟಿಯಲ್ಲಿ ಬರಬಹುದೆಂದು ಹೊಳೆಯಲೇ ಇಲ್ಲ. ಅದು ದೇವರ ಕಡೆಯ ಪದಾರ್ಥವಲ್ಲವೇ. ರಾತ್ರಿ ಸಣ್ಣಗೆ ಮಳೆ ಹನಿಯಿತು. ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಮರುದಿನ ವಿಜಯದಶಮಿ. ಬೆಳಗ್ಗೆ ಏಳರ ಸುಮಾರಿಗೆ ಪೇಪರ್ ಓದುತ್ತಿದ್ದಾಗ ಆ ಸದ್ದು ಕೇಳಿತು. ಬೈಕು ಬೀಳುವ ಸದ್ದು ನನಗೆ ಗೊತ್ತು, ಮೊದಲು ಕಬ್ಬಿಣ ರಸ್ತೆಗೆ ಉಜ್ಜುತ್ತದೆ, ಆಮೇಲೆ ಏನೂ ಕೇಳುವುದಿಲ್ಲ. ಬಾಕ್ಸು ಎತ್ತಿಕೊಂಡು ಓಡಿದೆ.

ತಿರುವಿನಲ್ಲಿ ಹಳೆಯ ಬೈಕೊಂದು ಮಗ್ಗುಲಾಗಿ ಬಿದ್ದಿತ್ತು. ಅದರ ಹ್ಯಾಂಡಲ್ಲಿಗೂ ಹಿಂದಿನ ದಿನದ ಬಾಳೆಕಂದು ಕಟ್ಟಿತ್ತು. ಓಡಿಸುತ್ತಿದ್ದವಳು ಇಪ್ಪತ್ಮೂರು ಇಪ್ಪತ್ನಾಲ್ಕರ ಹುಡುಗಿ. ಎದ್ದು ಕೂತಿದ್ದಳು, ಮೊಣಕೈ ತರಚಿತ್ತು, ಅಷ್ಟೇ. ಹಿಂದೆ ಕೂತಿದ್ದವರು ಅವಳ ತಂದೆ. ಅರವತ್ತು ದಾಟಿದವರು, ಎಡ ಸೊಂಟದ ಮೇಲೆ ಬಿದ್ದು ಅಲುಗಾಡಲಾರದೆ ಮಲಗಿದ್ದರು. ಆಗಲೇ ಇಬ್ಬರು ಅವರ ಕಂಕುಳಿಗೆ ಕೈ ಹಾಕಿದ್ದರು.

'ಎತ್ಬೇಡಿ, ಬಿಡ್ರಿ ಕೈ' ಎಂದು ಗದರಿದೆ. ನೀರಿನ ಬಾಟಲಿ ಹಿಡಿದು ಬಂದವನನ್ನೂ ಗದರಿದೆ. ಆಂಬುಲೆನ್ಸಿಗೆ ಫೋನ್ ಮಾಡಿಸಿದೆ, ಕಾಲುಗಳನ್ನು ಅಲುಗದಂತೆ ಪಟ್ಟಿ ಇಟ್ಟು ಕಟ್ಟಿದೆ, ತಲೆಯ ಹತ್ತಿರ ಕೂತು ಅವರನ್ನು ಮಾತಾಡಿಸುತ್ತಾ ಇದ್ದೆ. ಎಲ್ಲವನ್ನೂ ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆಯೇ ಮಾಡಿದೆ. ಹುಡುಗಿ ರಸ್ತೆ ತೋರಿಸಿ, 'ಇಷ್ಟೊಂದು ರಕ್ತ ಹೋಗಿದೆಯಲ್ಲ ಸರ್' ಅಂದಳು.

ಆಗ ನಾನು ನೋಡಿದ್ದು. ಮುಂದಿನ ಚಕ್ರದ ಹಿಂದೆ ಒಂದು ಮೊಳದುದ್ದ ಬಿಳಿ ಲೋಳೆ ಬಳಿದುಕೊಂಡಿತ್ತು, ಅದರೊಳಗೆ ಮಳೆಗೆ ಕದಡಿದ ಕುಂಕುಮ. ರಕ್ತವಲ್ಲ. ಹಿಂದಿನ ದಿನ ನಾನೇ ಒಡೆದ ಕಾಯಿ. ಆ ದಿನ ಊರಿನ ಯಾವ ತಿರುವಿನಲ್ಲಿ ನೋಡಿದರೂ ಕುಂಬಳಕಾಯಿ ಚೂರು ಬಿದ್ದಿರುತ್ತದೆ. ಹಾಗಾಗಿ ಅಲ್ಲಿದ್ದ ಹತ್ತು ಜನರಲ್ಲಿ ಒಬ್ಬರಿಗೂ ಅದು ಕಾಣಲಿಲ್ಲ. ನನಗೆ ಮಾತ್ರ ಕಂಡಿತು. ಅದು ರಕ್ತವಲ್ಲಮ್ಮ ಎನ್ನಬಹುದಿತ್ತು. 'ಏನೂ ಆಗಲ್ಲ, ಹೆದರ್ಬೇಡ' ಅಂದೆ.

ಯಾರೋ ಅವಳನ್ನು ಹೇಗೆ ಬಿದ್ದಿರಿ ಎಂದು ಕೇಳಿದರು. 'ಕಾರೊಂದು ಮೂತಿ ಹಾಕ್ತು. ನಾನು ತಿರುಗ್ಸುವಾಗ ಮುಂದಿನ ಬ್ರೇಕ್ ಹಾಕ್ಬಿಟ್ಟೆ' ಅಂದಳು. ಹಾಗೆ ಅಂದು ನನ್ನ ಮುಖ ನೋಡಿದಳು. ಎಲ್ಲವೂ ಗೊತ್ತಿರುವವನ ಹಾಗೆ ಅಲ್ಲಿ ಕಾಣುತ್ತಿದ್ದವನು ನಾನೊಬ್ಬನೇ.

'ತಿರುವಲ್ಲಿ ಮುಂದಿನ ಬ್ರೇಕ್ ಮುಟ್ಬಾರ್ದಮ್ಮ. ಹೊಸಬರಿಗೆ ಆಗೋದೇ ಹೀಗೆ.'

ಈ ಮಾತನ್ನು ಹೇಳಿದವನು ನಾನೇ. ಸುಳ್ಳೂ ಅಲ್ಲ ಅದು. ಅವಳು ಬ್ರೇಕ್ ಹಾಕಿದ್ದು ನಿಜ. ಆದರೆ ಬರೀ ರಸ್ತೆಯಾಗಿದ್ದರೆ ಗಾಡಿ ಒಂದಿಷ್ಟು ತೂರಾಡಿ ನಿಂತುಬಿಡುತ್ತಿತ್ತು, ಹಳೆಯ ಬೈಕು, ವೇಗವೂ ಇರಲಿಲ್ಲ. ಆಂಬುಲೆನ್ಸು ಬಂದು ಜನರ ಗಮನವೆಲ್ಲ ಆ ಕಡೆ ಹೋದಾಗ ನಾನು ಚಪ್ಪಲಿಯ ಅಂಚಿನಿಂದ ಚೂರುಗಳನ್ನು ಒಂದೊಂದಾಗಿ ಮೋರಿಗೆ ತಳ್ಳಿದೆ. ಹಿಂದಿನ ದಿನ ಮುಟ್ಟಬಾರದು ಎಂದಿದ್ದ ಚೂರುಗಳು ಆಗ ಮುಟ್ಟಬಹುದಾಗಿದ್ದವು. ತಲೆ ಎತ್ತಿದರೆ ಗೇಟಿನ ಹತ್ತಿರ ಹೆಂಡತಿ ನಿಂತಿದ್ದಳು.

ಅವತ್ತು ಮಧ್ಯಾಹ್ನ ಬಡಿಸುತ್ತಾ ಅವಳು ಒಂದೇ ಮಾತು ಅಂದಳು. 'ಹೋಗಿ ಹೇಳ್ಬಿಡಿ. ಇವತ್ತೇ ಹೇಳಿದ್ರೆ ಸುಲಭ.' ನಾನು ಅವಳ ಮೇಲೆ ರೇಗಿದೆ. ಏನೇನು ಅಂದೆನೋ ನೆನಪಿಲ್ಲ, ತಟ್ಟೆ ಮುಂದಕ್ಕೆ ತಳ್ಳಿದ್ದು ನೆನಪಿದೆ. ಆಮೇಲೆ ಅವಳು ಆ ವಿಷಯ ಎತ್ತಲಿಲ್ಲ.

ತಂದೆಗೆ ಸೊಂಟದ ಮೂಳೆ ಮುರಿದಿತ್ತು, ಆಪರೇಷನ್ ಆಯಿತು. ಹೇಳಿಬಿಡೋಣ ಎಂದುಕೊಂಡೇ ನಾನು ಆಸ್ಪತ್ರೆಗೆ ಹೋದೆ. ಅವರು ಮಲಗಿದ ಕಡೆಯಿಂದಲೇ ಎರಡೂ ಕೈ ಜೋಡಿಸಿದರು. ಪಕ್ಕದ ಹಾಸಿಗೆಯವರನ್ನು ಕರೆದು, 'ಇವ್ರೇ ನೋಡಿ ನಾನ್ ಹೇಳಿದ್ನಲ್ಲ ಮೇಷ್ಟ್ರು. ಇವ್ರಿಲ್ದಿದ್ರೆ ಜನ ನನ್ನ ಎತ್ತಿ ಕೂರ್ಸಿ ಕಾಲೇ ಹೋಗ್ತಿತ್ತಂತೆ. ಡಾಕ್ಟ್ರೇ ಹೇಳಿದ್ರು' ಅಂದರು. ಗುಣವಾಗಿ ಮನೆಗೆ ಬರಲಿ, ಆಗ ಹೇಳಿದರಾಯಿತು ಎಂದುಕೊಂಡು ಎದ್ದು ಬಂದೆ. ಎದ್ದು ಬರುವಾಗ ಸ್ವಲ್ಪ ಹೆಮ್ಮೆಯೂ ಆಗಿತ್ತು. ಇದನ್ನು ಬರೆಯಲು ಕಷ್ಟವಾಗುತ್ತಿದೆ, ಆದರೆ ಆಗಿದ್ದು ನಿಜ.

ಅವರ ಮನೆ ಮಾವಳ್ಳಿಯಲ್ಲಿ. ತಂದೆ ಬಿನ್ನಿಪೇಟೆಯ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು. ಮಗಳು ಗಂಡಸರಂತೆ ಗೇರು ಬೈಕು ಓಡಿಸಬೇಕು ಎಂಬ ಆಸೆ ಅವಳಿಗಿಂತ ಹೆಚ್ಚು ಅವರಿಗೇ ಇದ್ದದ್ದು. ತಾವೇ ಹಿಂದೆ ಕೂತು ಕಲಿಸಿದ್ದರು. ಅವಳು ಒಂದು ಲ್ಯಾಬಿಗೆ ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತೆಗೆದು ತರುವ ಕೆಲಸಕ್ಕೆ ಆಗಷ್ಟೇ ಸೇರಿದ್ದಳು. ಬೆಳಗಿನ ಆರು ಗಂಟೆಗೆ ಅಪ್ಪನ ಬೈಕು ಹತ್ತಿ ಹೊರಟರೆ ಜಯನಗರ, ಗಾಂಧಿಬಜಾರು ಎಲ್ಲ ಸುತ್ತಿ ಹತ್ತರೊಳಗೆ ವಾಪಸು. ಆ ಕೆಲಸ ಅವಳಿಗೆ ಬಹಳ ಇಷ್ಟವಿತ್ತೆಂದು ಅವಳ ತಾಯಿ ನನಗೆ ಹೇಳಿದರು. ಇತ್ತು ಎಂದರು.

ಎರಡನೇ ಸಲ ನಾನು ಹೋಗುವ ಹೊತ್ತಿಗೆ ಬೈಕು ಮಾರಿಯಾಗಿತ್ತು. ತಂದೆ ವಾಕರ್ ಹಿಡಿದು ಹಾಲಿನಲ್ಲಿ ಕೂತಿದ್ದರು. ಬಂದ ನೆಂಟರಿಗೆ ನನ್ನನ್ನು ತೋರಿಸಿ ವಿವರಿಸುತ್ತಿದ್ದರು. 'ಹುಡ್ಗಿ ಕೈಗೆ ಗಾಡಿ ಕೊಟ್ಟಿದ್ದು ನಂದೇ ತಪ್ಪು. ತಿರುವಲ್ಲಿ ಮುಂದಿನ ಬ್ರೇಕ್ ಹಾಕಿದ್ಲು. ನಾನ್ ಹೇಳ್ತಿರೋದಲ್ಲ, ಮೇಷ್ಟ್ರೇ ನೋಡಿ ಹೇಳಿದ್ದು. ವಿಜ್ಞಾನದ ಮೇಷ್ಟ್ರು.' ನೆಂಟರು ತಲೆಯಾಡಿಸಿದರು. ಅವಳು ಒಳಗಿನ ಕೋಣೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಬೈಕಿಲ್ಲದೆ ಆ ಕೆಲಸ ನಡೆಯುವುದಿಲ್ಲ. ಅದೇ ಲ್ಯಾಬಿನಲ್ಲಿ ಕೌಂಟರಿನ ಹಿಂದೆ ಕೂತು ಚೀಟಿ ಬರೆಯುವುದಕ್ಕೆ ಹಾಕಿದ್ದರಂತೆ, ಈಗ ಬಸ್ಸಿನಲ್ಲಿ ಹೋಗುತ್ತಾಳಂತೆ. ನಾನು ಅವರು ಕೊಟ್ಟ ಚಕ್ಕುಲಿ ಮುರಿದು ಮುರಿದು ತಿಂದೆ. ಬಾಯಿಗೆ ಕೆಲಸವಿದ್ದರೆ ಮಾತಾಡಬೇಕಾಗಿಲ್ಲ ನೋಡಿ.

ಇನ್ನೊಂದು ಸಲ ಹೋದಾಗ ತಂದೆ ಮಲಗಿದ್ದರು. ಅವಳು ಬಸ್‌ಸ್ಟಾಪಿಗೆ ಹೊರಟಿದ್ದಳು, ನಾನೂ ಜೊತೆಗೆ ನಡೆದೆ. ಲಾಲ್‌ಬಾಗಿನ ಗೋಡೆಯ ಪಕ್ಕ ನಡೆಯುತ್ತಾ ಅವಳು ಇದ್ದಕ್ಕಿದ್ದ ಹಾಗೆ ಕೇಳಿದಳು. 'ಸರ್, ಒಂದ್ ಕೇಳ್ಲಾ? ಮುಂದಿನ ಬ್ರೇಕ್ ಹಾಕ್ದೇ ಇದ್ದಿದ್ರೆ ಬೀಳ್ತಾನೇ ಇರ್ಲಿಲ್ವಾ? ದಿನಾ ಅದನ್ನೇ ಯೋಚ್ನೆ ಮಾಡ್ತೀನಿ. ನಂಗೆ ಬರೀ ಎರಡ್ ಬೆರಳಲ್ಲಿ ಹಿಡಿದಂಗೆ ನೆನಪು.'

ದಾರಿಯಲ್ಲಿ ನಾವಿಬ್ಬರೇ ಇದ್ದೆವು. ಇದಕ್ಕಿಂತ ಒಳ್ಳೆಯ ಹೊತ್ತು ಯಾವುದು ಸಿಗುತ್ತಿತ್ತು? ನಾನೇನು ಮಾಡಿದೆ ಗೊತ್ತೇ, ಅವಳಿಗೆ ಪಾಠ ಮಾಡಿದೆ. ಭಾರ ಮುಂದಿನ ಚಕ್ರಕ್ಕೆ ಹೇಗೆ ವರ್ಗವಾಗುತ್ತದೆ, ವಾಲಿದಾಗ ಹಿಡಿತ ಹೇಗೆ ಕಡಿಮೆಯಾಗುತ್ತದೆ ಎಂದು ಗಾಳಿಯಲ್ಲಿ ಬೆರಳಾಡಿಸಿ ಚಿತ್ರ ಬರೆದು ವಿವರಿಸಿದೆ. ಅವಳು ಒಳ್ಳೆಯ ವಿದ್ಯಾರ್ಥಿನಿಯ ಹಾಗೆ ಕೇಳಿಸಿಕೊಂಡಳು. 'ಸರಿ ಸರ್' ಅಂದು ಬಸ್ಸು ಹತ್ತಿದಳು. ಮನೆಗೆ ಬಂದು ನಾನು ಬೈಕಿನ ಮೇಲೆ ಸುಮ್ಮನೆ ಬಹಳ ಹೊತ್ತು ಕೂತಿದ್ದೆ, ಇಳಿದು ಒಳಗೆ ಹೋಗುವುದಕ್ಕೂ ನಾಚಿಕೆಯಾಗುತ್ತಿತ್ತು.

ಹೀಗೆ ಎರಡು ವರ್ಷ ಕಳೆಯಿತು. ಕುಂಬಳಕಾಯಿ ಒಡೆಯುವುದನ್ನು ನಿಲ್ಲಿಸಿದೆ. ಆಯುಧಪೂಜೆಯ ಮರುದಿನ ಬೆಳಕು ಹರಿಯುವ ಮೊದಲೇ ಪೊರಕೆ, ಬಕೆಟ್ಟು ಹಿಡಿದು ನಮ್ಮ ಸುತ್ತಲಿನ ನಾಲ್ಕು ತಿರುವುಗಳನ್ನು ಗುಡಿಸಿ ತೊಳೆದೆ. ವಾಕಿಂಗಿಗೆ ಬಂದವರು ಮೇಷ್ಟ್ರಿಗೆ ಎಷ್ಟು ಸಾಮಾಜಿಕ ಕಾಳಜಿ ಎಂದು ಹೊಗಳಿ ಫೋಟೋ ತೆಗೆದುಕೊಂಡು ಹೋದರು. ನನಗೆ ಅದನ್ನು ನಿರಾಕರಿಸುವ ಯೋಗ್ಯತೆಯೂ ಉಳಿದಿರಲಿಲ್ಲ. ರಸ್ತೆ ತೊಳೆಯುವುದು ಸುಲಭ. ಮಾವಳ್ಳಿಗೆ ಹೋಗಿ ನಾಲ್ಕು ಮಾತು ಹೇಳುವುದು ಆಗುತ್ತಿರಲಿಲ್ಲ.

ಆಮೇಲೆ ಒಂದು ದಿನ ಅವಳೇ ಫೋನ್ ಮಾಡಿದಳು. ಅಪ್ಪ ಹೋದರು ಎಂದಳು. ಹೃದಯಾಘಾತ. ಹಳೆಯ ಅಪಘಾತಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರಂತೆ. ಅದನ್ನು ಕೇಳಿ ನನಗೆ ಮೊದಲು ಆದದ್ದು ದುಃಖವಲ್ಲ, ಸಮಾಧಾನ. ಥೂ, ನನ್ನ ಜನ್ಮಕ್ಕೆ.

ಹದಿಮೂರನೇ ದಿನದ ಕಾರ್ಯಗಳೆಲ್ಲ ಮುಗಿದು, ನೆಂಟರಿಷ್ಟರು ಹೋಗಿ ಮನೆ ಖಾಲಿಯಾದ ಮೇಲೆ ಹೊರಟೆ. ಈ ಸಲ ಹೆಂಡತಿಗೆ ಹೇಳಿಯೇ ಹೊರಟೆ. ಅವಳು ಹೆಲ್ಮೆಟ್ ತಂದು ಕೈಗೆ ಕೊಟ್ಟಳು.

ಹುಡುಗಿ ಗೇಟಿನ ಹತ್ತಿರವೇ ಇದ್ದಳು, ತುಳಸಿಗೆ ನೀರು ಹಾಕುತ್ತಿದ್ದಳು. ಒಳಗೆ ಬನ್ನಿ ಅಂದಳು. ಒಳಗೆ ಹೋದರೆ ಮತ್ತೆ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಅಲ್ಲೇ ನಿಂತು ಹೇಳಿದೆ. ಕುಂಬಳಕಾಯಿ ನನ್ನದು ಎಂದೆ. ಹೆಂಡತಿ ತಳ್ಳಿ ಬನ್ನಿ ಎಂದರೂ ನಾನು ತಳ್ಳಲಿಲ್ಲ ಎಂದೆ. ನೀನು ರಕ್ತ ಎಂದುಕೊಂಡಿದ್ದು ಕುಂಕುಮ, ಚಕ್ರದ ಗುರುತು ಅದರ ಮೇಲೇ ಇತ್ತು, ನಾನು ಕಣ್ಣಾರೆ ನೋಡಿದೆ, ಆಂಬುಲೆನ್ಸು ಬಂದಾಗ ಕಾಲಿನಿಂದ ಮೋರಿಗೆ ತಳ್ಳಿದೆ. ನಿನ್ನ ಬ್ರೇಕಿನಿಂದ ಆದದ್ದಲ್ಲಮ್ಮ, ನನ್ನಿಂದ ಆದದ್ದು. ಒಂದೇ ಉಸಿರಿಗೆ ಎಲ್ಲ ಹೇಳಿ ಮುಗಿಸಿದೆ. ಅವಳು ಅಳುತ್ತಾಳೆ, ಬೈಯುತ್ತಾಳೆ, ಕೆನ್ನೆಗೆ ಬಾರಿಸಿದರೂ ಸರಿ ಎಂದು ನಿಂತಿದ್ದೆ. ಬೈಸಿಕೊಂಡು ಹಗುರಾಗಿ ಮನೆಗೆ ಹೋಗಬಹುದು ಎಂಬ ಆಸೆಯೂ ಒಳಗೆಲ್ಲೋ ಇತ್ತು.

ಅವಳು ಬೈಯಲಿಲ್ಲ. ಚೊಂಬನ್ನು ಕಟ್ಟೆಯ ಮೇಲಿಟ್ಟಳು.

'ಹೋಗೋದಕ್ಕೆ ವಾರ ಮುಂಚೆ ಅಪ್ಪ ನನ್ನ ಕರೆದು ಕೂರಿಸ್ಕೊಂಡ್ರು ಸರ್' ಅಂದಳು. 'ಆ ಬೈಕಿನ ವಿಷಯ ಮನಸ್ಸಲ್ಲಿ ಇಟ್ಕೋಬೇಡ, ನಾನು ನಿನ್ನ ಯಾವತ್ತೋ ಕ್ಷಮಿಸಿದೀನಿ ಅಂದ್ರು. ನಾನು ಅವ್ರ ಕಾಲು ಹಿಡ್ಕೊಂಡು ಅತ್ತೆ. ತಪ್ಪಾಯ್ತು ಅಪ್ಪಾ ಅಂದೆ.'

ಆಮೇಲೆ, ನನ್ನನ್ನು ನಿಜವಾಗಿಯೂ ಕೇಳುವವಳ ಹಾಗೆ, ಗೊತ್ತಿರುವವರನ್ನು ಕೇಳುವ ಹಾಗೆ ಕೇಳಿದಳು. 'ಆ ಕ್ಷಮೆನ ಈಗ ಏನ್ ಮಾಡ್ಲಿ ಸರ್?'

ನಾನು ಕೈಯಲ್ಲಿದ್ದ ಹೆಲ್ಮೆಟ್ಟನ್ನು ತಿರುಗಿಸುತ್ತಾ ನಿಂತೆ.

ಒಳಗಿನಿಂದ ಅವಳ ತಾಯಿ, ಯಾರಮ್ಮ, ಮೇಷ್ಟ್ರಾ, ಕಾಫಿ ಕೊಟ್ಯಾ ಅವ್ರಿಗೆ ಎಂದು ಕೇಳಿದರು.

'ಕೊಟ್ಟಾಯ್ತಮ್ಮ, ಹೊರಟ್ರು' ಎಂದಳು ಅವಳು, ನನ್ನ ಮುಖ ನೋಡುತ್ತಲೇ.